ಚಿಗರಿ ಬೇಟೆಯ ಬಿಡಾರಗಳು ಮತ್ತು ರಾಜರ್ಷಿ ಶಾಹೂ ಮಹಾರಾಜರು



ಜೂನ್ 26 ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರ ಜಯಂತಿ. ಮಹಾರಾಷ್ಟ್ರದಲ್ಲಿ ಈ ದಿನವನ್ನು ಸಾಮಾಜಿಕ ನ್ಯಾಯ ದಿನ ಎಂದು ಆಚರಿಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಶಾಲೆ ಕಚೇರಿಗಳಲ್ಲಿ ಅವರ ಫೋಟೋಕ್ಕೆ ಹಾರ ಹಾಕುತ್ತಾರೆ. ಮೀಸಲಾತಿ ತಂದವರು, ವಸತಿಗೃಹಗಳನ್ನು ಕಟ್ಟಿಸಿದವರು, ರಾಧಾನಗರಿ ಅಣೆಕಟ್ಟಿಗೆ ಕೈ ಹಾಕಿದವರು ಎಂದು ಭಾಷಣಗಳಾಗುತ್ತವೆ. ಎಲ್ಲವೂ ನಿಜವೇ. ಆದರೆ ಅವರು ದೊಡ್ಡ ಬೇಟೆಗಾರರಾಗಿದ್ದರು, ವರ್ಷದ ಎಷ್ಟೋ ದಿನಗಳನ್ನು ಅರಮನೆ ಬಿಟ್ಟು ಬೇಟೆಯ ಬಿಡಾರಗಳಲ್ಲಿ ಕಳೆಯುತ್ತಿದ್ದರು ಎಂಬುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಆ ಬಿಡಾರಗಳು ಈಗ ಇಲ್ಲ. ಅವುಗಳ ಸುತ್ತ ಬದುಕಿದ ಜನರು ಮಾತ್ರ ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ಮಹಾರಾಜರ ಜೀವನವನ್ನು ಬೇಟೆಯ ಕಡೆಯಿಂದ ಬರೆದಿದ್ದೇನೆ.

ಹುಟ್ಟು ಮತ್ತು ಧಾರವಾಡದ ದಿನಗಳು

ಶಾಹೂ ಮಹಾರಾಜರು 1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದರು. ಮೊದಲ ಹೆಸರು ಯಶವಂತರಾವ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವಾಗ ಗಡಿ ದಾಟಿದ ಕೂಡಲೇ ಸಿಗುವ ಊರೇ ಕಾಗಲ. ತಂದೆ ಜಯಸಿಂಗರಾವ, ಜನ ಕರೆಯುತ್ತಿದ್ದುದು ಆಬಾಸಾಹೇಬ ಎಂದು. ತಾಯಿ ರಾಧಾಬಾಯಿ ನಮ್ಮ ಮುಧೋಳದ ಘೋರ್ಪಡೆ ಮನೆತನದ ಮಗಳು. ಬೇಟೆ ನಾಯಿಗಳಿಗೆ ಹೆಸರಾದ ಮುಧೋಳವೇ ಅವರ ಅಜ್ಜನ ಮನೆ.

1884ರಲ್ಲಿ ಕೊಲ್ಹಾಪುರದ ರಾಣಿ ಆನಂದೀಬಾಯಿಯವರು ಈ ಹುಡುಗನನ್ನು ದತ್ತು ತೆಗೆದುಕೊಂಡರು. ಮೊದಲು ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಓದು. ಅನಂತರ 1890ರಿಂದ 1894ರವರೆಗೆ ಧಾರವಾಡದಲ್ಲಿ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಶಿಕ್ಷಣ. ಗುಜರಾತದ ಭಾವನಗರದ ರಾಜಕುಮಾರ ಭಾವಸಿಂಹಜಿಯವರೂ ಅಲ್ಲಿ ಜೊತೆಗಿದ್ದರು. ಆ ಗೆಳೆತನ ಕೊನೆಯವರೆಗೂ ಉಳಿಯಿತು, ಕೊಲ್ಹಾಪುರದ ಭಾವುಸಿಂಗಜಿ ರಸ್ತೆ ಅದೇ ಗೆಳೆಯರ ಹೆಸರಿನದು. ಚೀತಾಗಳನ್ನು ಬಿಟ್ಟು ಚಿಗರಿ ಹಿಡಿಸುವ ಬೇಟೆಗೆ ಮುಂದೆ ದೇಶದಲ್ಲಿ ಹೆಸರು ಮಾಡಿದ ಸಂಸ್ಥಾನಗಳಲ್ಲಿ ಇವೆರಡೂ ಸೇರಿವೆ: ಕೊಲ್ಹಾಪುರ ಮತ್ತು ಭಾವನಗರ.

1894ರ ಏಪ್ರಿಲ್ 2ರಂದು ಅಧಿಕಾರ ವಹಿಸಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎತ್ತರದ ಆಳು, ಪೈಲವಾನನ ಮೈಕಟ್ಟು. ಕುಸ್ತಿ, ಕುದುರೆ, ಬೇಟೆ ಈ ಮೂರೂ ಅವರ ಜೀವ.

ಬಿಡಾರ ಹೇಗಿರುತ್ತಿತ್ತು

ಕೊಲ್ಹಾಪುರದ ಹತ್ತಿರದ ಸೋನತಳಿ, ಪನ್ಹಾಳಗಡ, ದಾಜೀಪುರದ ಕಾಡು, ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿದ್ದ ನಮ್ಮ ರಾಯಬಾಗ, ಇವೆಲ್ಲ ಮಹಾರಾಜರ ಬಿಡಾರ ಬೀಳುತ್ತಿದ್ದ ಸ್ಥಳಗಳು. ದಾಜೀಪುರದಲ್ಲಿ ದಟ್ಟ ಕಾಡು, ಕಾಡುಕೋಣ. ರಾಯಬಾಗದ ಕಡೆ ಬಯಲು, ಹುಲ್ಲು, ಎರೆ ಹೊಲ, ಹೀಗಾಗಿ ಅದು ಚಿಗರಿಗಳ ಸೀಮೆ. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಓದುವುದನ್ನೇ ನಮ್ಮ ಕಡೆ ಚಿಗರಿ ಎನ್ನುತ್ತೇವೆ. ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು. ಹೆಣ್ಣು ಕಂದು ಬಣ್ಣ.

ಬಿಡಾರ ಎಂದರೆ ನಾಲ್ಕು ಡೇರೆಗಳಲ್ಲ. ಕುದುರೆಗಳು, ಗಾಡಿಗಳು, ನಾಯಿಗಳು, ಚೀತಾಗಳು, ಅವುಗಳನ್ನು ನೋಡಿಕೊಳ್ಳುವವರು, ಅಡಿಗೆಯವರು, ಕಾಗದಪತ್ರ ಹಿಡಿದ ಕಾರಕೂನರು, ಅರ್ಜಿ ಕೊಡಲು ಬಂದ ರೈತರು, ಒಂದು ಸಣ್ಣ ಊರೇ ಎದ್ದು ನಿಲ್ಲುತ್ತಿತ್ತು. ಸಂಸ್ಥಾನದ ಎಷ್ಟೋ ಕೆಲಸ ಅಲ್ಲಿಂದಲೇ ನಡೆಯುತ್ತಿತ್ತು.

ಚೀತಾಕ್ಕೆ ಹಳೆಯ ಕನ್ನಡದಲ್ಲಿ ಸಿವಂಗಿ ಎಂಬ ಹೆಸರಿದೆ. ಅದನ್ನು ಮರಿ ಇದ್ದಾಗ ಹಿಡಿದರೆ ಪ್ರಯೋಜನವಿಲ್ಲ, ಬೇಟೆಯಾಡುವುದನ್ನು ತಾಯಿಯಿಂದಲೇ ಕಲಿಯಬೇಕು. ಆದ್ದರಿಂದ ಬೆಳೆದ ಚೀತಾವನ್ನೇ ಕಾಡಿನಿಂದ ಹಿಡಿದು ತಂದು, ಕೆಲವು ತಿಂಗಳು ಮನುಷ್ಯರ ಮಾತು, ವಾಸನೆ, ಗದ್ದಲಕ್ಕೆ ರೂಢಿ ಮಾಡಿಸುತ್ತಿದ್ದರು. ಬೇಟೆಯ ದಿನ ಕಣ್ಣಿಗೆ ಟೊಪ್ಪಿಗೆ ಕಟ್ಟಿ ಗಾಡಿಯ ಮೇಲೆ ಕೂರಿಸುವರು. ಹೊಲಕ್ಕೆ ಹೋಗಿ ಬರುವ ಗಾಡಿಗಳನ್ನು ದಿನವೂ ನೋಡುವ ಚಿಗರಿಗಳು ಗಾಡಿಗೆ ಹೆದರುವುದಿಲ್ಲ. ಸಾಕಷ್ಟು ಹತ್ತಿರ ಬಂದ ಮೇಲೆ ಟೊಪ್ಪಿಗೆ ತೆಗೆಯುವರು. ಚೀತಾ ಕೆಲವು ನೂರು ಗಜ ಮಾತ್ರ ಓಡಬಲ್ಲದು. ಅಷ್ಟರೊಳಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕೂತುಬಿಡುತ್ತದೆ. ಚಿಗರಿ ಸಿಕ್ಕಿದರೆ ಆಳುಗಳು ಓಡಿ ಹೋಗಿ ಅದರ ರಕ್ತವನ್ನು ಮರದ ಸವಟಿನಲ್ಲಿ ಹಿಡಿದು ಚೀತಾದ ಬಾಯಿಗೆ ಒಡ್ಡಿ, ಬೇಟೆಯನ್ನು ಬಿಡಿಸಿಕೊಂಡು, ಮತ್ತೆ ಕಣ್ಣು ಕಟ್ಟುವರು.

ಆಟವನ್ನು ಅರಸರು ನೋಡುತ್ತಿದ್ದರು, ವಿದ್ಯೆ ಆಳುಗಳ ಕೈಯಲ್ಲಿತ್ತು. ಯಾವ ಹಿಂಡು ಎಲ್ಲಿ ಮೇಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾವ ಗಂಡು ಹಿಂಡು ಬಿಟ್ಟು ಒಂಟಿಯಾಗಿ ನಿಂತಿದೆ ಎಂಬುದನ್ನು ಬಲ್ಲವರು ಅವರು.

ಹೆಸರಿನಲ್ಲೇ ಬೇಟೆ ಇರುವ ಜನ

ಆ ವಿದ್ಯೆ ಬಲ್ಲವರಲ್ಲಿ ಮುಖ್ಯರಾದವರು ಪಾರಧಿಗಳು. ನಮ್ಮ ಕನ್ನಡ ಸೀಮೆಯಲ್ಲಿ ಅವರಿಗೆ ಹರಣಶಿಕಾರಿ ಎನ್ನುತ್ತೇವೆ, ಕೆಲವು ಕಡೆ ಚಿಗರಿ ಬೇಟೆಗಾರ ಎಂದೂ ಕರೆಯುತ್ತಾರೆ. ಮನೆಯಲ್ಲಿ ಅವರು ಆಡುವುದು ಗುಜರಾತಿಗೆ ಹತ್ತಿರದ ಮಾತು, ಹೊರಗೆ ಕನ್ನಡ, ಮರಾಠಿ ಎರಡೂ ಬರುತ್ತವೆ. ಫಾಸೆ ಎಂದರೆ ಕುಣಿಕೆ. ಹುಲ್ಲಿನಲ್ಲಿ ಸಾಲಾಗಿ ಕುಣಿಕೆ ಒಡ್ಡಿ ಹಿಂಡನ್ನು ಅದರ ಮೇಲೆ ಓಡಿಸುವವರು ಫಾಸೆ ಪಾರಧಿಗಳು. ಪಳಗಿಸಿದ ಎತ್ತಿನ ಮರೆಯಲ್ಲಿ ಹೆಜ್ಜೆ ಹೆಜ್ಜೆ ಸರಿದು ಬೇಟೆಯ ಹತ್ತಿರ ಹೋಗುವುದೂ ಅವರದೇ ಉಪಾಯ. ಚೀತಾ ಪಳಗಿಸುತ್ತಿದ್ದವರು ಚಿತ್ತಾ ಪಾರಧಿಗಳು. ಮಹಾರಾಷ್ಟ್ರದ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಚಿತ್ತಾ ಪಾರಧಿ ಎಂಬ ಹೆಸರು ಇಂದಿಗೂ ಇದೆ, ಕರ್ನಾಟಕದ ಯಾದಿಯಲ್ಲಿ ಹರಣಶಿಕಾರಿ ಎಂಬ ಹೆಸರಿದೆ. ನಾನು ಗುಮಾಸ್ತಿಕೆ ಮಾಡಿದವನು. ಎಷ್ಟೋ ಸಲ ಒಂದು ಕಸುಬು ಮುಗಿದುಹೋದ ಮೇಲೂ ಕಾಗದದಲ್ಲಿ ಅದರ ಹೆಸರು ಉಳಿದಿರುತ್ತದೆ.

ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಕಾಯ್ದೆಯ ನಂತರ ನಮ್ಮ ಮುಂಬಯಿ ಪ್ರಾಂತದಲ್ಲಿ ಅದು ಬಿಗಿಯಾಯಿತು. ಕೆಲವು ಜಾತಿಗಳಲ್ಲಿ ಹುಟ್ಟಿದ್ದೇ ಅಪರಾಧ ಎಂಬಂತೆ, ಗಂಡಸರು ಚಾವಡಿಗೆ ಹೋಗಿ ಹಾಜರಿ ಕೊಡಬೇಕು, ಕೇಳದೆ ಊರು ಬಿಡಬಾರದು. ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ತಂತಿ ಬೇಲಿಯ ಸೆಟ್ಲಮೆಂಟುಗಳು ಎದ್ದವು. ನಮ್ಮ ವಿಜಾಪುರ ರಸ್ತೆಯ ಎರಡೂ ತುದಿಯ ಊರುಗಳಲ್ಲಿ ಒಂದೊಂದು ಎಂದರೂ ಸರಿಯೇ. ಸೊಲ್ಲಾಪುರದ ಸೆಟ್ಲಮೆಂಟಿನ ಜನರನ್ನು ಗಿರಣಿ ಕೆಲಸಕ್ಕೆ ಹಚ್ಚಿದರು. ಹಿಂಡಿನ ಹಿಂದೆ ತಿರುಗುತ್ತಿದ್ದವರು ಭೋಂಗಾ ಕೂಗಿದ ಹೊತ್ತಿಗೆ ಗಿರಣಿಯೊಳಗೆ ಇರಬೇಕಾಯಿತು.

ಇದೇ ಕಾಲದಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಬೇರೆ ಬಗೆ ನಡೆಯಿತು. ಕಳವಿನ ಆರೋಪದ ಮೇಲೆ ಹಿಡಿದು ತಂದ ಫಾಸೆ ಪಾರಧಿಗಳನ್ನು ಮಹಾರಾಜರು ತಾವೇ ವಿಚಾರಿಸಿದರು. ಹೊಟ್ಟೆಗಿಲ್ಲದೆ ಮಾಡುತ್ತಾರೆ ಎಂಬುದು ಅವರಿಗೆ ತಿಳಿಯಿತು. ಊಟಕ್ಕೆ ವ್ಯವಸ್ಥೆ ಮಾಡಿಸಿದರು, ಕಟ್ಟಡ ಮತ್ತು ರಸ್ತೆಯ ಕೆಲಸ ಕೊಟ್ಟರು, ನೆಲೆ ನಿಲ್ಲಲು ಜಾಗ ಕೊಟ್ಟರು. ಅಷ್ಟೇ ಅಲ್ಲ, ಅವರಲ್ಲಿ ಕೆಲವರನ್ನು ತಮ್ಮ ಕಾವಲಿಗೇ ಇಟ್ಟುಕೊಂಡರು. ಕಳ್ಳರೆಂದು ಊರಿಗೆ ಊರೇ ದೂರ ಇಟ್ಟವರ ಕೈಗೆ ಅರಸರು ತಮ್ಮ ಜೀವವನ್ನೇ ಒಪ್ಪಿಸಿದ ಹಾಗಾಯಿತು. 1918ರಲ್ಲಿ ಸಂಸ್ಥಾನದಲ್ಲಿ ಹಾಜರಿ ಪದ್ಧತಿಯನ್ನೇ ತೆಗೆದುಹಾಕುವ ಹುಕುಂ ಹೊರಟಿತು. ಮಹಾರ, ಮಾಂಗ, ರಾಮೋಶಿ, ಬೇರಡ ಜನರಿಗೆ ಅದರಿಂದ ಬಿಡುಗಡೆಯಾಯಿತು. ಬೇರಡರು ಎಂದರೆ ನಮ್ಮ ಬೇಡರೇ.

ಇದಕ್ಕೂ ಬೇಟೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನನ್ನ ತಿಳಿವಳಿಕೆ ಇಷ್ಟು. ಅರಮನೆಯಲ್ಲಿ ಅರಸರನ್ನು ಕಾಣಲು ಏಳು ಬಾಗಿಲು ದಾಟಬೇಕು. ಬಿಡಾರದಲ್ಲಿ ಬಾಗಿಲೇ ಇಲ್ಲ. ಅಡವಿಯಲ್ಲಿ ಹೆಜ್ಜೆ ಗುರುತು ತೋರಿಸುವವನು ಯಾವ ಜಾತಿಯವನಾದರೂ ಅರಸ ಅವನ ಹಿಂದೆಯೇ ನಡೆಯಬೇಕು. ಹತ್ತಾರು ವರ್ಷ ಹಾಗೆ ನಡೆದವರಿಗೆ ಜನರನ್ನು ಕಾಗದದ ಮೇಲಿನ ಜಾತಿಯಿಂದ ಅಳೆಯುವುದು ಕಷ್ಟವಾಗಿರಬೇಕು.

ಬೇಟೆ ಬಿಟ್ಟು ಮಾಣಗಾವಿಗೆ

1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 50 ಜಾಗ ಮೀಸಲು ಎಂದು ಅವರು ಹುಕುಂ ಹೊರಡಿಸಿದ್ದರು. ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳಾದವು. ನಮ್ಮ ಲಿಂಗಾಯತ ಹುಡುಗರ ವಸತಿಗೃಹವೂ ಅವುಗಳಲ್ಲಿ ಒಂದು. 1920ರ ಮಾರ್ಚ್ 21 ಮತ್ತು 22ರಂದು ಕಾಗಲ ಜಹಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು, ಅಧ್ಯಕ್ಷರು ಡಾ. ಅಂಬೇಡ್ಕರರು. ಅಂಬೇಡ್ಕರರಿಗೆ ಆಗ ಇಪ್ಪತ್ತೊಂಬತ್ತರ ಹತ್ತಿರ ವಯಸ್ಸು. ಮಹಾರಾಜರು ಬೇಟೆಗೆ ಹೊರಟವರು, ಅದನ್ನು ನಡುವೆಯೇ ಬಿಟ್ಟು ಉದ್ದೇಶಪೂರ್ವಕವಾಗಿ ಪರಿಷತ್ತಿಗೆ ಬಂದರು. ನಿಮಗೆ ನಿಮ್ಮವನೇ ಆದ ಮುಂದಾಳು ಸಿಕ್ಕಿದ್ದಾನೆ ಎಂಬ ಅರ್ಥದ ಮಾತನ್ನು ಆಡಿ ಹೋದರು.

ಎರಡು ವರ್ಷಗಳ ನಂತರ, 1922ರ ಮೇ 6ರಂದು, ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ.

ಬಿಡಾರಗಳು ಎದ್ದ ಬಗೆ

ಮಹಾರಾಜರನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಿಡಿದಿಟ್ಟ ಚೀತಾಗಳು ಮರಿ ಹಾಕುವುದಿಲ್ಲ, ಹಾಕಿದ್ದು ತೀರಾ ಅಪರೂಪ. ಆದ್ದರಿಂದ ಅರಮನೆಗೆ ಬಂದ ಪ್ರತಿ ಚೀತಾವೂ ಕಾಡಿನ ಲೆಕ್ಕದಿಂದ ಕಳೆದದ್ದೇ. ನೂರಾರು ವರ್ಷ ಹೀಗೆ ಹಿಡಿದು ಹಿಡಿದು, ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ದೇಶದಲ್ಲಿ ಚೀತಾ ಸಿಗದಂತಾಯಿತು. ಕೊಲ್ಹಾಪುರ, ಭಾವನಗರದವರು ಆಫ್ರಿಕಾದಿಂದ ಹಡಗಿನಲ್ಲಿ ತರಿಸತೊಡಗಿದರು. ಶಾಹೂ ಮಹಾರಾಜರ ನಂತರ ರಾಜಾರಾಮ ಮಹಾರಾಜರ ಕಾಲದಲ್ಲೂ ಈ ಬೇಟೆ ನಡೆಯಿತು. ದೇಶದಲ್ಲಿ ಇದ್ದ ಕೊನೆಯ ಮೂರು ಚೀತಾಗಳನ್ನು 1947ರಲ್ಲಿ ಮಧ್ಯ ಭಾರತದ ಕೋರಿಯಾ ಸಂಸ್ಥಾನದ ಅರಸರು ಹೊಡೆದರು. 1952ರಲ್ಲಿ ಚೀತಾ ಮುಗಿಯಿತು ಎಂದು ಸರ್ಕಾರವೇ ಸಾರಿತು.

ಅಷ್ಟರಲ್ಲಿ ಅರಸೊತ್ತಿಗೆಗಳೂ ಮುಗಿದಿದ್ದವು. ಅಕ್ಕಲಕೋಟೆ 1948ರಲ್ಲಿ, ಕೊಲ್ಹಾಪುರ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ಸೇರಿದವು. ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. ಬಿಡಾರದ ಖರ್ಚು ಹೊರುವವರು ಇಲ್ಲವಾದರು. ಜೀಪು, ಬಂದೂಕು, ರಾತ್ರಿಯ ದೀಪ ಹಿಡಿದವರು ಚಿಗರಿಗಳನ್ನು ಹೊಡೆದದ್ದು ಆಮೇಲೆಯೇ ಹೆಚ್ಚು. ನೀರಾವರಿ ಬಂದು ಹುಲ್ಲುಗಾವಲುಗಳು ಕಬ್ಬಿನ ಗದ್ದೆಗಳಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಮೊದಲ ಯಾದಿಯಲ್ಲಿಟ್ಟು ಬೇಟೆಯನ್ನು ಪೂರ್ತಿ ನಿಲ್ಲಿಸಿತು. ಅದು ಆಗಬೇಕಾದ ಕೆಲಸವೇ. ಅದು ಆಗದಿದ್ದರೆ ಇಂದು ಬಾರ್ಶಿ ರಸ್ತೆಯ ನಾನ್ನಜದಲ್ಲಿ, ರಾಣೆಬೆನ್ನೂರಿನಲ್ಲಿ ನಮ್ಮ ಮೊಮ್ಮಕ್ಕಳಿಗೆ ತೋರಿಸಲು ಒಂದು ಚಿಗರಿಯೂ ಉಳಿಯುತ್ತಿರಲಿಲ್ಲ. ನಾನ್ನಜದ ಅಭಯಾರಣ್ಯ 1979ರಲ್ಲಿ ಆದದ್ದು ಎರಳಡ್ಡೆ ಹಕ್ಕಿಗಾಗಿ, ಹಕ್ಕಿ ಈಗ ಕಾಣುವುದೇ ದುರ್ಲಭ, ಆದರೆ ಅದೇ ಹುಲ್ಲಿನಲ್ಲಿ ಚಿಗರಿಗಳು ಬದುಕಿಕೊಂಡವು. ಮಹಾರಾಜರು ಬೇಟೆಯಾಡಿದ ದಾಜೀಪುರವೂ 1958ರಿಂದ ಕಾಡುಕೋಣಗಳ ಅಭಯಾರಣ್ಯ.

ಉಳಿದವರು

ಬೇಟೆ ನಿಂತ ಮೇಲೆ ಅರಸರಿಗೆ ಅರಮನೆಯ ವಸ್ತುಸಂಗ್ರಹಾಲಯ ಉಳಿಯಿತು. ಚಿಗರಿಗೆ ಅಭಯಾರಣ್ಯ ಸಿಕ್ಕಿತು. ಹರಣಶಿಕಾರಿಗೆ ಏನು ಸಿಕ್ಕಿತು? 1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟಿನ ಕಾಯ್ದೆ ರದ್ದಾಯಿತು, ತಂತಿ ಬೇಲಿ ಹೋಯಿತು. ಜನರ ಮನಸ್ಸಿನ ಬೇಲಿ ಹೋಗಲಿಲ್ಲ. ಇಂದಿಗೂ ಊರಲ್ಲಿ ಕಳವಾದರೆ ಮೊದಲು ಅನುಮಾನ ಹೋಗುವುದು ಅವರ ವಸತಿಯ ಕಡೆಗೇ. ಅವರ ವಿದ್ಯೆ ಕಾಯ್ದೆಯಲ್ಲಿ ಅಪರಾಧವಾಯಿತು, ಬದಲಿಗೆ ಬೇರೆ ವಿದ್ಯೆ ಕೊಡುವ ಕೆಲಸ ಅರ್ಧಕ್ಕೇ ನಿಂತಿತು. ಶಾಹೂ ಮಹಾರಾಜರು ಮಾಡಿದ್ದು ಆ ಎರಡನೆಯ ಕೆಲಸ. ಮೊದಲು ಅನ್ನ, ಆಮೇಲೆ ಕೆಲಸ, ಅದರ ಜೊತೆಗೇ ನಂಬಿಕೆ. ಅದು ನೂರು ವರ್ಷದ ಹಿಂದಿನ ಮಾತು.

ಸದಸ್ಯರಲ್ಲಿ ಎರಡು ವಿನಂತಿ. ಒಂದು, ಪ್ರತಿಭಾ ಪುರಸ್ಕಾರದ ಅರ್ಜಿಗಳನ್ನು ಹಂಚುವಾಗ ನಮ್ಮ ನಮ್ಮ ಓಣಿಗಳಿಗಷ್ಟೇ ಕೊಟ್ಟು ಮುಗಿಸಬೇಡಿ. ನಿಮ್ಮ ಊರಿನ ಹರಣಶಿಕಾರಿ, ಪಾರಧಿ ವಸತಿಗಳಿಗೂ ಹೋಗಿ. ಅಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಹತ್ತನೆಯ ತರಗತಿ ದಾಟಿದ ಒಂದು ಹುಡುಗಿ ಸಿಕ್ಕರೂ ಅರ್ಜಿ ತುಂಬಿಸಿಕೊಂಡು ಬನ್ನಿ. ಎರಡು, ಕುಣಿಕೆಗೆ, ಹುಲ್ಲಿಗೆ, ಹೆಜ್ಜೆಗೆ, ಹಿಂಡಿಗೆ ಅವರ ಹಿರಿಯರ ಬಾಯಲ್ಲಿ ಇರುವ ಮಾತುಗಳನ್ನು ಅವರನ್ನು ಕೇಳಿ ಬರೆದುಕೊಳ್ಳಿ. ಅವರ ಒಪ್ಪಿಗೆ ಇದ್ದರೆ ಸಂಘಕ್ಕೆ ಕಳಿಸಿ, ಈ ಪತ್ರಿಕೆಯಲ್ಲಿ ಪ್ರಕಟಿಸೋಣ. ಜಯಂತಿಯ ದಿನ ಹಾರದ ಜೊತೆಗೆ ಇಷ್ಟು ಕೆಲಸವೂ ಆದರೆ ಮಹಾರಾಜರ ಋಣ ಸ್ವಲ್ಪ ತೀರಿದಂತೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ವಿಜಾಪುರ ರಸ್ತೆ, ಸೊಲ್ಲಾಪುರ