ಕಿವುಡರ ಗುರು ಗ್ರಹಾಂ ಬೆಲ್

ಗ್ರಹಾಂ ಬೆಲ್ಲನ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳು ಕೊಡುವ ಉತ್ತರ ಒಂದೇ: ಅವನು ದೂರವಾಣಿಯನ್ನು ಕಂಡುಹಿಡಿದವನು. ಉತ್ತರವೇನೋ ತಪ್ಪಲ್ಲ. ಆದರೆ ಬೆಲ್ಲನು ತನ್ನ ಉದ್ಯೋಗವನ್ನು ತಿಳಿಸಬೇಕಾಗಿ ಬಂದಾಗ, ತಾನು ಕಿವುಡರ ಉಪಾಧ್ಯಾಯನೆಂದೇ ಹೇಳಿಕೊಳ್ಳುತ್ತಿದ್ದನು. ಲೋಕವು ಅವನನ್ನು ಸ್ಮರಿಸುತ್ತಿರುವುದು ಒಂದು ಯಂತ್ರಕ್ಕಾಗಿ; ಅವನು ಬಾಳನ್ನು ಸವೆಸಿದ್ದು ಆ ಯಂತ್ರದ ದನಿಯನ್ನು ಎಂದೂ ಕೇಳಲಾರದ ಮಕ್ಕಳ ಸಲುವಾಗಿ. ಈ ವೈಚಿತ್ರ್ಯವನ್ನು ಅರಿಯದೆ ಅವನ ಜೀವನವನ್ನು ಅರಿತಂತಾಗದು.

ಅಲೆಗ್ಸಾಂಡರ್ ಬೆಲ್ಲನು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಗ್ರಹಾಂ ಎಂಬ ನಡುವಣ ಹೆಸರು ಹನ್ನೊಂದನೆಯ ವರ್ಷದಲ್ಲಿ ಬಂದು ಸೇರಿದ್ದು. ಅಜ್ಜನೂ ತಂದೆಯೂ ಉಚ್ಚಾರಣಶಾಸ್ತ್ರದಲ್ಲಿ ಹೆಸರಾದ ಬೋಧಕರು. ಮಾತೇ ಕುಲವೃತ್ತಿಯಾಗಿದ್ದ ಆ ಮನೆಯಲ್ಲಿ ತಾಯಿಗೆ ಮಾತ್ರ ಕಿವಿ ಮಂದವಾಗಿತ್ತು. ಆಕೆ ಪಿಯಾನೋ ನುಡಿಸುವುದರಲ್ಲಿ ನಿಪುಣೆ. ಶ್ರವಣನಾಳದ ಸಹಾಯದಿಂದ ಅಷ್ಟಿಷ್ಟು ಕೇಳುತ್ತಿದ್ದಳು. ಉಳಿದವರು ಆ ನಾಳದೊಳಕ್ಕೆ ಕೂಗಿ ಹೇಳುತ್ತಿದ್ದರೆ, ಮಗನು ಆಕೆಯ ಹಣೆಯ ಬಳಿ ಬಾಯಿಟ್ಟು, ತಗ್ಗಿದ ಗಂಭೀರ ಸ್ವರದಲ್ಲಿ ಮಾತನಾಡುವನು. ಮನೆಗೆ ಬಂದವರ ಸಂಭಾಷಣೆಯನ್ನು ಬೆರಳಕ್ಷರಗಳ ಮೂಲಕ ಆಕೆಗೆ ತಿಳಿಸುವನು. ಧ್ವನಿಯೆಂಬುದು ಮೂಲತಃ ಕಂಪನವೆಂಬ ಪಾಠವು ಅವನಿಗೆ ದೊರೆತದ್ದು ತಾಯಿಯ ಹಣೆಯಿಂದಲೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ತಂದೆಯಾದ ಮೆಲ್ವಿಲ್ ಬೆಲ್ಲನು ದೃಶ್ಯವಾಕ್ ಎಂಬ ಒಂದು ಲಿಪಿಯನ್ನು ರಚಿಸಿ 1867ರಲ್ಲಿ ಪ್ರಕಟಿಸಿದನು. ನಾಲಗೆ, ತುಟಿ, ಗಂಟಲು ಯಾವ ಭಂಗಿಯಲ್ಲಿದ್ದರೆ ಯಾವ ಧ್ವನಿ ಹೊರಡುವುದೆಂಬುದನ್ನು ಅದರ ಚಿಹ್ನೆಗಳು ಸೂಚಿಸುತ್ತಿದ್ದವು. ವರ್ಣಗಳನ್ನು ಕಂಠ್ಯ, ತಾಲವ್ಯ, ಓಷ್ಠ್ಯಗಳೆಂದು ಸ್ಥಾನವರಿತು ಜೋಡಿಸಿಕೊಂಡಿರುವ ನಮಗೆ ಆ ತತ್ತ್ವವೇನೂ ಹೊಸದಲ್ಲ. ಆದರೆ ಅದನ್ನು ಕಿವುಡ ಮಕ್ಕಳ ನಾಲಗೆಯನ್ನು ತಿದ್ದುವ ಸಾಧನವಾಗಿ ಬಳಸಿದ್ದು ಮಗನ ಸಾಹಸ. ಅಷ್ಟರಲ್ಲಿ ಅವನ ಇಬ್ಬರು ಸಹೋದರರು ಕ್ಷಯರೋಗಕ್ಕೆ ಬಲಿಯಾದರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಾಯಿತಂದೆಗಳು 1870ರಲ್ಲಿ ಕೆನಡಾಕ್ಕೆ ವಲಸೆ ಹೋದರು. ಮರುವರ್ಷವೇ ಬೆಲ್ಲನು ಅಮೆರಿಕೆಯ ಬಾಸ್ಟನ್ನಿನ ಕಿವುಡರ ಶಾಲೆಯಲ್ಲಿ ಪಾಠ ಹೇಳಲು ತೊಡಗಿದನು.

ಹುಟ್ಟುಕಿವುಡ ಮಗುವಿಗೆ ಮಾತು ಕಲಿಸುವುದು ಎಷ್ಟು ಕಠಿನವೆಂಬುದನ್ನು ನಾವು ಸುಲಭವಾಗಿ ಊಹಿಸಲಾರೆವು. ಕೇಳುವ ಮಗುವು ಆಡಿದ ಮಾತನ್ನು ಆ ಕ್ಷಣವೇ ತಾನೂ ಕೇಳಿ, ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಕೇಳದ ಮಗುವಿಗೆ ಆ ಅಂಕುಶವಿಲ್ಲ. ಸ್ವರದ ಏರಿಳಿತವೂ ಅದರ ಅಂಕೆಗೆ ಸಿಕ್ಕದು. ತುಟಿಗಳ ಚಲನೆಯನ್ನು ನೋಡಿ ಕಲಿಯಬಾರದೇ ಎಂದು ಕೇಳಬಹುದು. ಕನ್ನಡಿಯೆದುರು ನಿಂತು ಪರ, ಬರ, ಮರ ಎಂಬ ಮೂರು ಶಬ್ದಗಳನ್ನು ಸದ್ದಿಲ್ಲದೆ ಆಡಿ ನೋಡಿದರೆ ಸಂದೇಹ ಪರಿಹಾರವಾದೀತು. ಮೂರಕ್ಕೂ ತುಟಿಯ ರೂಪ ಒಂದೇ!

ಈ ಕಷ್ಟವನ್ನು ಕಂಡ ಬೆಲ್ಲನು ಧ್ವನಿಯನ್ನು ಕಣ್ಣಿಗೆ ಕಾಣಿಸುವ ಉಪಾಯವನ್ನು ಅರಸಿದನು. 1874ರಲ್ಲಿ ಮೃತ ಮನುಷ್ಯನ ಕಿವಿಯೊಂದನ್ನು ವೈದ್ಯಮಿತ್ರನಿಂದ ಪಡೆದು, ಅದರ ಎಲುಬಿಗೆ ಹುಲ್ಲುಕಡ್ಡಿಯನ್ನು ಅಂಟಿಸಿ, ಎದುರಿಗೆ ಮಸಿ ಹಿಡಿದ ಗಾಜನ್ನಿಟ್ಟು ಮಾತನಾಡಿದನು. ಕಡ್ಡಿಯು ಮಾತಿನ ಅಲೆಗಳನ್ನು ಗಾಜಿನ ಮೇಲೆ ಗೀಚಿತು. ಅಷ್ಟು ತೆಳುವಾದ ಪೊರೆಯು ಎಲುಬುಗಳನ್ನು ಅಲುಗಿಸಬಲ್ಲುದಾದರೆ, ಅಂಥದೇ ಪೊರೆಯು ಉಕ್ಕಿನ ತುಂಡನ್ನೇಕೆ ಅಲುಗಿಸಬಾರದು? ದೂರವಾಣಿಯ ಕಲ್ಪನೆ ಮೊಳೆತದ್ದು ಈ ಪ್ರಶ್ನೆಯಲ್ಲಿ. ಅದಕ್ಕೆ ಧನಸಹಾಯ ಮಾಡಿದವರೂ ಕಿವುಡ ಮಕ್ಕಳ ತಂದೆಯರೇ. ಒಬ್ಬನು ಚರ್ಮದ ವ್ಯಾಪಾರಿ ಥಾಮಸ್ ಸ್ಯಾಂಡರ್ಸ್. ಅವನ ಪುಟ್ಟ ಮಗ ಜಾರ್ಜನಿಗೆ ಬೆಲ್ಲನು ಅಕ್ಷರಗಳನ್ನು ಬರೆದ ಕೈಗವಸನ್ನು ತೊಡಿಸಿ, ಅವುಗಳನ್ನು ಮುಟ್ಟಿ ಮುಟ್ಟಿ ಭಾಷೆ ಕಲಿಸಿದನು. ಇನ್ನೊಬ್ಬನು ವಕೀಲ ಗಾರ್ಡಿನರ್ ಹಬರ್ಡ್. ಅವನ ಮಗಳು ಮೇಬಲ್ ಐದನೆಯ ವಯಸ್ಸಿನಲ್ಲಿ ಕೆಂಪುಜ್ವರದಿಂದ ಶ್ರವಣವನ್ನು ಕಳೆದುಕೊಂಡವಳು. 1876ರ ಮಾರ್ಚ್ 7ರಂದು ಬೆಲ್ಲನಿಗೆ ದೂರವಾಣಿಯ ಸ್ವಾಮ್ಯಪತ್ರ ದೊರೆಯಿತು. ಮರುವರ್ಷ ಜುಲೈಯಲ್ಲಿ ಮೇಬಲ್ ಅವನ ಪತ್ನಿಯಾದಳು.

ಮೇಬಲ್ ತುಟಿಗಳನ್ನು ನೋಡಿಯೇ ಮಾತನ್ನು ಗ್ರಹಿಸುವಳು. ತಾನೂ ಬಾಯಿಯಿಂದಲೇ ಮಾತನಾಡುವಳು. ಇಂಥ ಪತ್ನಿಯೊಡನೆ ಬಾಳಿದವನಿಗೆ, ಎಲ್ಲ ಕಿವುಡರೂ ಹೀಗೆಯೇ ಆಗಬಲ್ಲರೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮೇಬಲ್ ಮಾತನ್ನು ಕಲಿತ ಮೇಲೆ ಕಿವಿಯನ್ನು ಕಳೆದುಕೊಂಡವಳು. ಭಾಷೆಯು ಆಗಲೇ ಅವಳ ಮನಸ್ಸಿನಲ್ಲಿ ಮನೆಮಾಡಿತ್ತು. ಹುಟ್ಟಿನಿಂದಲೇ ಮೌನದಲ್ಲಿರುವ ಮಗುವಿನ ಸ್ಥಿತಿಯೇ ಬೇರೆ. ಆ ಅಂತರಕ್ಕೆ ಬೆಲ್ಲನು ಸಲ್ಲಬೇಕಾದಷ್ಟು ಬೆಲೆ ಕೊಡಲಿಲ್ಲವೆಂದು ನನಗೆ ತೋರುತ್ತದೆ. ಅವನ ಪ್ರೀತಿಯೇ ಅವನ ದೃಷ್ಟಿಗೆ ಎಲ್ಲೆಯಾಯಿತು.

1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಬೋಧಕರ ಸಮ್ಮೇಳನವು, ಶಾಲೆಗಳಲ್ಲಿ ಕೈಸನ್ನೆಯ ಭಾಷೆಯನ್ನು ತೊರೆದು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ನಿರ್ಣಯಿಸಿದವರು ಬಹುತೇಕ ಎಲ್ಲರೂ ಕೇಳಬಲ್ಲವರು! ಅಮೆರಿಕೆಯಲ್ಲಿ ಆ ಪಕ್ಷಕ್ಕೆ ಬೆಲ್ಲನೇ ಮುಂದಾಳಾದನು. ಫ್ರೆಂಚ್ ಸರಕಾರವು ದೂರವಾಣಿಗಾಗಿ ಕೊಟ್ಟ 50,000 ಫ್ರಾಂಕುಗಳ ವೋಲ್ಟಾ ಬಹುಮಾನದಿಂದ ಮೊದಲುಗೊಂಡ ಸಂಪತ್ತನ್ನು ಈ ಕಾರ್ಯಕ್ಕೆ ಧಾರಾಳವಾಗಿ ವಿನಿಯೋಗಿಸಿದನು. 1883ರಲ್ಲಿ ಅಮೆರಿಕೆಯ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧವನ್ನು ಮಂಡಿಸಿ, ಕಿವುಡರು ಕಿವುಡರನ್ನೇ ಮದುವೆಯಾಗುತ್ತ ಹೋದರೆ ಮಾನವಕುಲದಲ್ಲಿ ಕಿವುಡರದೇ ಒಂದು ಪ್ರಭೇದವು ಉಂಟಾದೀತೆಂದು ಎಚ್ಚರಿಸಿದನು. ಅಂಥ ವಿವಾಹಗಳನ್ನು ಕಾನೂನಿನಿಂದ ನಿಷೇಧಿಸುವುದು ಉಚಿತವೆಂದು ಅವನಿಗೆ ತೋರಲಿಲ್ಲ. ಆದರೆ ಕಿವುಡರು ಕೂಡಿ ಬಾಳುವ ವಸತಿಶಾಲೆ, ಕೈಸನ್ನೆಯ ಭಾಷೆ, ಕಿವುಡ ಉಪಾಧ್ಯಾಯರು, ಇವು ಇಲ್ಲವಾಗುವುದೇ ಮೇಲೆಂದು ಬಗೆದನು.

ಇದನ್ನು ಎದುರಿಸಿದವನು ವಾಷಿಂಗ್ಟನ್ನಿನ ಕಿವುಡರ ಕಾಲೇಜಿನ ಅಧ್ಯಕ್ಷ ಎಡ್ವರ್ಡ್ ಗ್ಯಾಲೊಡೆಟ್. ಅವನ ತಾಯಿಯೂ ಕಿವುಡಿಯೇ. ಆದರೆ ಅವಳ ಭಾಷೆ ಕೈಸನ್ನೆ. ಇಬ್ಬರು ಮಕ್ಕಳೂ ತಾಯಿಯ ಮಡಿಲಲ್ಲಿ ಕಲಿತದ್ದನ್ನೇ ಲೋಕಕ್ಕೆ ನೀಡಲು ಹೊರಟರು. ಹೊರಟ ದಾರಿಗಳು ಮಾತ್ರ ಪರಸ್ಪರ ವಿರುದ್ಧವಾದವು.

ಸತ್ಯವು ಬೆಲ್ಲನ ಸಮೀಪಕ್ಕೆ ಬಾರದಿರಲಿಲ್ಲ. ವಂಶವೃಕ್ಷಗಳನ್ನು ಶೋಧಿಸುತ್ತ ಅವನು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಹೋಗಿದ್ದನು. ಅಲ್ಲಿ ವಂಶಪಾರಂಪರ್ಯದ ಕಿವುಡು ಹೆಚ್ಚಾಗಿತ್ತು. ಅಲ್ಲಿಯ ಜನ ಕಿವುಡರಿಗೆ ಬಾಯಿಮಾತನ್ನು ಹೇರದೆ, ತಾವೇ ಕೈಸನ್ನೆಯನ್ನು ಕಲಿತುಕೊಂಡಿದ್ದರು. ಕಿವುಡರು ಇತರರಂತೆಯೇ ಮೀನು ಹಿಡಿದು, ಬೇಸಾಯ ಮಾಡಿ, ಕೇಳಬಲ್ಲವರನ್ನು ಮದುವೆಯಾಗಿ ಬಾಳುತ್ತಿದ್ದರು. ಬೆಲ್ಲನ ಗಮನವು ರಕ್ತಸಂಬಂಧದ ಮೇಲೆ ನಿಂತಿತು.

ಅವನ ಔದಾರ್ಯವನ್ನು ಮರೆಯಲಾಗದು. 1886ರಲ್ಲಿ ಕುರುಡಿಯೂ ಕಿವುಡಿಯೂ ಆಗಿದ್ದ ಆರು ವರ್ಷದ ಹೆಲೆನ್ ಕೆಲ್ಲರಳನ್ನು ಅವಳ ತಂದೆ ಬೆಲ್ಲನ ಬಳಿಗೆ ಕರೆತಂದನು. ಬೆಲ್ಲನು ತೋರಿಸಿದ ದಾರಿಯಿಂದಲೇ ಮರುವರ್ಷ ಆನ್ ಸಲಿವನ್ ಎಂಬ ಗುರು ಆ ಬಾಲಿಕೆಗೆ ದೊರೆತಳು. ಹೆಲೆನ್ 1903ರಲ್ಲಿ ಅಚ್ಚಾದ ತನ್ನ ಆತ್ಮಕಥೆಯನ್ನು ಬೆಲ್ಲನಿಗೆ ಅರ್ಪಿಸಿದಳು. ಆದರೆ ಆ ಮಗುವಿನೊಳಗೆ ಭಾಷೆ ಪ್ರವೇಶಿಸಿದ್ದು ತುಟಿಯಿಂದಲ್ಲ, ಅಂಗೈಯ ಮೇಲೆ ಗುರುವು ಮೂಡಿಸಿದ ಬೆರಳಕ್ಷರಗಳಿಂದ.

ಮಿಲಾನಿನ ನಿರ್ಣಯದ ಫಲವನ್ನು ಅನೇಕ ತಲೆಮಾರುಗಳ ಮಕ್ಕಳು ಉಂಡರು. ಬಹಳ ಶಾಲೆಗಳಲ್ಲಿ ಕೈಸನ್ನೆ ಮಾಡುವುದೇ ಅಪರಾಧವಾಯಿತು. 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ವಿದ್ವಾಂಸನು ಅಮೆರಿಕೆಯ ಕೈಸನ್ನೆಗೆ ನಿಯತವಾದ ರಚನೆಯುಂಟೆಂದೂ, ಅದು ಪೂರ್ಣವಾದ ಭಾಷೆಯೆಂದೂ ತೋರಿಸಿದನು. 2010ರಲ್ಲಿ ವ್ಯಾಂಕೂವರಿನ ಅಂತರರಾಷ್ಟ್ರೀಯ ಸಮ್ಮೇಳನವು ಮಿಲಾನಿನ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದವು.

ಬೆಲ್ಲನು 1922ರ ಆಗಸ್ಟ್ 2ರಂದು ಕೆನಡಾದ ನೋವಾಸ್ಕೋಷಿಯಾದ ತನ್ನ ಮನೆಯಲ್ಲಿ ತೀರಿಕೊಂಡನು. ಶವಸಂಸ್ಕಾರದ ಹೊತ್ತಿನಲ್ಲಿ ಉತ್ತರ ಅಮೆರಿಕೆಯ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾದವು. ಬೀದಿಯ ಗದ್ದಲವನ್ನು ಅಳೆಯುವ ಡೆಸಿಬೆಲ್ ಎಂಬ ಮಾನದಲ್ಲಿ ಅವನ ಹೆಸರು ಇಂದಿಗೂ ಉಳಿದಿದೆ. ಮರಣಶಯ್ಯೆಯ ಪಕ್ಕದಲ್ಲಿ ಮೇಬಲ್ ತನ್ನನ್ನು ಬಿಟ್ಟುಹೋಗಬಾರದೆಂದು ಬೇಡಿಕೊಂಡಾಗ, ಮಾತು ನಿಂತುಹೋಗಿದ್ದ ಬೆಲ್ಲನು ಇಲ್ಲವೆಂಬುದನ್ನು ಕೈಸನ್ನೆಯಿಂದ ತಿಳಿಸಿದನೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ನಿಜವಾಗಿದ್ದರೆ, ಆ ಗುರುವು ಬಾಳಿನುದ್ದಕ್ಕೂ ಶಾಲೆಯಿಂದ ಹೊರಗಿಡಬಯಸಿದ ಸನ್ನೆಯೇ ಕೊನೆಗೆ ಅವನಿಗೆ ಒದಗಿತು. ಅದು ಮೇಬಲ್‌ಗೆ ಅರ್ಥವೂ ಆಯಿತು.