ಚಿತ್ರದ ಮೇಷ್ಟ್ರು ನಂದಲಾಲ್ ಬೋಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಮನೆಗೇ ಬಂದು ಕೇಳಿದರು. ನಾನು ಬರೆಯುವವನಲ್ಲ, ಬಿಡಿಸುವವನು. ಇದೇ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದೆ. ನಿವೃತ್ತಿಯಾದ ಮೇಲೆ ಪಂಚಾಯಿತಿಯ ಹಳೆಯ ಕಟ್ಟಡದಲ್ಲಿ ಭಾನುವಾರ ಬೆಳಿಗ್ಗೆ ಊರ ಮಕ್ಕಳಿಗೆ ಪಾಠ ಹೇಳುತ್ತೇನೆ. ಉಳಿದ ದಿನ ನನ್ನ ಪಾಡಿಗೆ ನಾನು ಚಿತ್ರ ಬರೆಯುತ್ತೇನೆ. ನನ್ನ ಬಗ್ಗೆ ಬರೆದುಕೊಳ್ಳಲು ಇದಕ್ಕಿಂತ ಹೆಚ್ಚಿನದಿಲ್ಲ. ಆದ್ದರಿಂದ ನಾನು ದೂರದಿಂದಲೇ ಗುರುವೆಂದು ಭಾವಿಸಿರುವ ಒಬ್ಬ ಚಿತ್ರದ ಮೇಷ್ಟ್ರ ಜೀವನವನ್ನು ಹೇಳುತ್ತೇನೆ. ಅವರೇ ಬಂಗಾಳದ ನಂದಲಾಲ್ ಬೋಸ್. ಅವರ ಕಥೆ ಹೇಳುವಾಗ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಮನೆಮಾತು ಬಂಗಾಳಿ. ತಂದೆ ಪೂರ್ಣಚಂದ್ರ ಬೋಸ್ ದರ್ಭಂಗಾ ಸಂಸ್ಥಾನದ ನೌಕರರು. ತಾಯಿ ಕ್ಷೇತ್ರಮಣಿ ದೇವಿಯವರ ಕೈಯಲ್ಲಿ ಕಲೆಯಿತ್ತು, ಮಕ್ಕಳಿಗೆ ಗೊಂಬೆ ಮಾಡಿಕೊಡುತ್ತಿದ್ದರು. ಊರಿನ ಕುಂಬಾರರು ಮಣ್ಣು ತುಳಿದು ಮೂರ್ತಿ ಮಾಡುವುದನ್ನು ಹುಡುಗ ನೋಡುತ್ತ ನಿಲ್ಲುತ್ತಿದ್ದ, ಆಮೇಲೆ ತಾನೂ ಮಾಡುತ್ತಿದ್ದ. ಅವರ ಮೊದಲನೆಯ ಶಾಲೆ ಅದೇ. ಗೌರಿ ಗಣೇಶನ ಹಬ್ಬದ ಮುಂಚೆ ನಮ್ಮೂರ ಕುಂಬಾರಗೇರಿಯಲ್ಲಿ ನಿಂತು ನೋಡಿದವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ.

ಓದಿಗೆಂದು ಹುಡುಗನನ್ನು ಕಲ್ಕತ್ತೆಗೆ ಕಳಿಸಿದರು. ಹೈಸ್ಕೂಲು ಹೇಗೋ ಮುಗಿಯಿತು. ಕಾಲೇಜಿನ ಪರೀಕ್ಷೆಯಲ್ಲಿ ನಪಾಸು. ವಾಣಿಜ್ಯದ ತರಗತಿಗೆ ಸೇರಿಸಿದರೂ ಪುಸ್ತಕ ಹಿಡಿಸಲಿಲ್ಲ. ಅಷ್ಟರಲ್ಲಿ ಮದುವೆಯೂ ಆಗಿತ್ತು. ಮನೆಯವರ ಆತಂಕ ಎಷ್ಟಿದ್ದಿರಬಹುದೆಂದು ನಮ್ಮೂರಿನ ಯಾವ ತಂದೆತಾಯಿಯಾದರೂ ಊಹಿಸಬಲ್ಲರು. ಚಿತ್ರ ಬರೆದರೆ ಹೊಟ್ಟೆಗೇನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ನಾನು ಇದೇ ಶಾಲೆಯ ಪೋಷಕರ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

1905ರ ಸುಮಾರಿಗೆ ಅವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಸೇರಿದರು. ಪ್ರಾಂಶುಪಾಲರು ಇ. ಬಿ. ಹ್ಯಾವೆಲ್, ಗುರು ಅವನೀಂದ್ರನಾಥ ಠಾಕೂರರು. ಅವನೀಂದ್ರರು ಕವಿ ರವೀಂದ್ರನಾಥರ ಅಣ್ಣನ ಕಡೆಯ ಸಂಬಂಧಿ. ಆಗಿನ ಕಲಾಶಾಲೆಗಳಲ್ಲಿ ಇಂಗ್ಲೆಂಡಿನಿಂದ ತಂದ ಪ್ಲಾಸ್ಟರ್ ಬೊಂಬೆಗಳನ್ನು ಎದುರಿಗಿಟ್ಟು ಯಥಾವತ್ತಾಗಿ ನಕಲು ಮಾಡಿಸುತ್ತಿದ್ದರು. ಹ್ಯಾವೆಲ್ ಮತ್ತು ಅವನೀಂದ್ರರು ಅದನ್ನು ಬಿಟ್ಟು ನಮ್ಮ ದೇಶದ ಮೊಗಲ್, ರಜಪೂತ ಚಿತ್ರಗಳನ್ನೂ ಅಜಂತಾದ ಗೋಡೆಗಳನ್ನೂ ಹುಡುಗರ ಕಣ್ಣಿಗೆ ಬೀಳಿಸಿದರು. ಶಿವ-ಸತಿಯರ ಚಿತ್ರಕ್ಕೆ ನಂದಲಾಲರಿಗೆ 1908ರಲ್ಲಿ 500 ರೂಪಾಯಿ ಬಹುಮಾನ ಬಂತು. ಆ ಕಾಲಕ್ಕೆ ಅದು ದೊಡ್ಡ ಹಣ. ಅದನ್ನು ಕೂಡಿಡದೆ ದೇಶ ಸುತ್ತಿ ದೇವಸ್ಥಾನಗಳನ್ನೂ ಶಿಲ್ಪಗಳನ್ನೂ ನೋಡಿಬಂದರು.

ಮರುವರ್ಷ ಅಜಂತಾ. ಇಂಗ್ಲೆಂಡಿನಿಂದ ಬಂದ ಲೇಡಿ ಹೆರಿಂಗ್‌ಹ್ಯಾಮ್ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡಿಸುತ್ತಿದ್ದರು. ಆ ಕೆಲಸಕ್ಕೆ ಹೋದ ಅವನೀಂದ್ರರ ಶಿಷ್ಯರಲ್ಲಿ ನಂದಲಾಲರ ಜೊತೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ವೆಂಕಟಪ್ಪನವರನ್ನು ಕಲ್ಕತ್ತೆಗೆ ಕಲಿಯಲು ಕಳಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಮುಂದೆ ಇಬ್ಬರೂ ಹಿಡಿದ ದಾರಿ ಬೇರೆ. ವೆಂಕಟಪ್ಪನವರು ಮೈಸೂರಿಗೆ ಮರಳಿ, ಮದುವೆಯಾಗದೆ, ವೀಣೆಯನ್ನೂ ಕುಂಚವನ್ನೂ ಜೊತೆಗಿಟ್ಟುಕೊಂಡು ಒಂಟಿಯಾಗಿ ತಪಸ್ಸಿನಂತೆ ಬಾಳಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ನಂದಲಾಲರು ಮಕ್ಕಳ ನಡುವೆ ಕೂತು ಮೇಷ್ಟ್ರಾದರು. ಯಾವುದು ದೊಡ್ಡದೆಂದು ನಾನು ಹೇಳುವುದಿಲ್ಲ. ನನ್ನ ಪಾಲಿಗೆ ಬಂದದ್ದು ಎರಡನೆಯ ದಾರಿ.

ಇಲ್ಲಿ ಅವನೀಂದ್ರರು ತಾವೇ ಹೇಳಿಕೊಂಡಿರುವ ಒಂದು ಪ್ರಸಂಗ. ನಂದಲಾಲರು ಒಮ್ಮೆ ತಪಸ್ಸು ಮಾಡುತ್ತಿರುವ ಉಮೆಯ ಚಿತ್ರ ಬರೆದು ತಂದು ತೋರಿಸಿದರು. ಬಣ್ಣ ತೀರ ಕಡಿಮೆ. ಗುರುಗಳಿಗೆ ಸಪ್ಪೆಯೆನಿಸಿತು. ಉಮೆಗೆ ಸ್ವಲ್ಪ ಅಲಂಕಾರ ಮಾಡು, ಬಣ್ಣ ತುಂಬು ಎಂದು ಹೇಳಿ ಕಳಿಸಿದರು. ಆದರೆ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಶಿವನಿಗಾಗಿ ಎಲ್ಲವನ್ನೂ ತೊರೆದು ಕೂತ ಹುಡುಗಿಗೆ ಒಡವೆ ಎಲ್ಲಿಂದ ಬರಬೇಕು? ನಂದಲಾಲ ಕಂಡ ಉಮೆಯೇ ಸರಿ, ತಪ್ಪಿದವನು ತಾನು ಎಂದು ಅವರಿಗೆ ಹೊಳೆಯಿತು. ಬೆಳಗಾಗುವುದನ್ನೇ ಕಾದು ಶಿಷ್ಯನ ಬಳಿಗೆ ಓಡಿದರು. ನಂದಲಾಲರು ಕುಂಚ ಹಿಡಿದು ಬಣ್ಣ ಹಾಕಲು ಕೂತಿದ್ದರು. ಗುರುಗಳು ತಡೆದರು. ಚಿತ್ರ ಉಳಿಯಿತು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಏಕೆಂದರೆ ನಾನು ಬೆಳಿಗ್ಗೆ ಎದ್ದು ಓಡಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತಾಲ್ಲೂಕು ಸ್ಪರ್ಧೆಗೆಂದು ನಮ್ಮೂರ ಕೆರೆಯ ಚಿತ್ರ ಬರೆದಿದ್ದಳು. ಕೆರೆ ಏರಿ, ಒಂದು ಜಾಲಿಮರ, ಉಳಿದದ್ದೆಲ್ಲ ಖಾಲಿ ಕಾಗದ. ಒಂದೇ ಒಂದು ಕಂದು ಬಣ್ಣ. ಬಹುಮಾನ ಬರಲಿ ಎಂಬ ಆಸೆಯಿಂದ ನಾನು ಅವಳ ಕುಂಚ ತೆಗೆದುಕೊಂಡು ಕೆರೆಗೆ ನೀಲಿ ನೀರು ತುಂಬಿದೆ. ಆಕಾಶಕ್ಕೆ ಕಿತ್ತಳೆ ಬಣ್ಣದ ಸೂರ್ಯನನ್ನೂ ದಡಕ್ಕೆ ಎರಡು ತೆಂಗಿನಮರವನ್ನೂ ಇಟ್ಟೆ. ಎರಡನೆಯ ಬಹುಮಾನ ಬಂತು. ಪ್ರಾರ್ಥನೆಯ ವೇಳೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ಆ ವರ್ಷ ಮಳೆಯಿಲ್ಲದೆ ಕೆರೆ ಬತ್ತಿತ್ತು. ಅವಳು ಖಾಲಿ ಬಿಟ್ಟದ್ದು ಕೆರೆ ಖಾಲಿ ಇದ್ದುದರಿಂದ. ದಿನವೂ ಅದೇ ಏರಿಯ ಮೇಲೆ ಸೈಕಲ್ ತುಳಿದು ಶಾಲೆಗೆ ಬರುತ್ತಿದ್ದ ನನಗೆ ಅದು ಕಾಣಲಿಲ್ಲ.

ಮತ್ತೆ ನಂದಲಾಲರ ಕಡೆಗೆ ಬರುತ್ತೇನೆ. 1919ರಲ್ಲಿ ರವೀಂದ್ರನಾಥರು ಶಾಂತಿನಿಕೇತನದಲ್ಲಿ ಕಲಾಭವನ ಆರಂಭಿಸಿದರು. ಕಲ್ಕತ್ತೆಯಲ್ಲಿ ಹೆಸರು ಮಾಡಿದ್ದ ಕಲಾವಿದ ಬೀರಭೂಮ್ ಜಿಲ್ಲೆಯ ಕೆಮ್ಮಣ್ಣಿನ ಬಯಲಿಗೆ, ಸಂತಾಲರ ಹಳ್ಳಿಗಳ ನಡುವೆ ಹೋಗಿ ನೆಲೆಸುವುದು ಸಣ್ಣ ನಿರ್ಧಾರವಲ್ಲ. ಪ್ರಿಯ ಗುರು ಅವನೀಂದ್ರರನ್ನು ಬಿಟ್ಟು ಹೋಗುವ ಸಂಕಟ ಬೇರೆ. ಕೆಲಕಾಲ ಎರಡೂ ಕಡೆ ಓಡಾಡಿ, ಕೊನೆಗೆ ಶಾಂತಿನಿಕೇತನದಲ್ಲೇ ನಿಂತರು. 1922ರಿಂದ 1951ರಲ್ಲಿ ನಿವೃತ್ತಿಯಾಗುವವರೆಗೆ ಕಲಾಭವನದ ಮುಖ್ಯಸ್ಥರಾಗಿದ್ದರು. ಅಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮಾಸ್ಟರ್ ಮೊಶಾಯ್ ಎಂದು. ನಮ್ಮ ಮೇಷ್ಟ್ರೇ ಎಂಬುದರ ಬಂಗಾಳಿ ರೂಪ ಅದು.

ಅವರ ತರಗತಿಗೆ ನಾಲ್ಕು ಗೋಡೆ ಇರಲಿಲ್ಲ. ಹುಡುಗರನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಗಿಡ, ಆಡು, ಎತ್ತು, ಭತ್ತ ಕುಟ್ಟುವ ಹೆಂಗಸರು, ಸಂತೆಗೆ ಹೋಗುವ ಸಂತಾಲರು, ಇವೇ ಪಾಠ. ಮರ ಬರೆಯುವಾಗ ಗೆರೆ ಬುಡದಿಂದ ಮೇಲಕ್ಕೆ ಹೋಗಬೇಕೆಂದು ಕಲಿಸುತ್ತಿದ್ದರು. ಮರ ಬೆಳೆಯುವುದು ಕೆಳಗಿನಿಂದಲ್ಲವೇ? ಇದನ್ನು ನೆನಪಿಸಿಕೊಂಡವರು ಅವರ ಬಳಿ 1940ರಿಂದ 1942ರವರೆಗೆ ಕಲಿತು ಮುಂದೆ ಸಿನಿಮಾ ನಿರ್ದೇಶಕರಾದ ಸತ್ಯಜಿತ್ ರೇ. ಹೆಂಗಸರು ಅಂಗಳದಲ್ಲಿ ಇಡುವ ಅಲ್ಪನಾ, ಅಂದರೆ ಬಂಗಾಳದ ರಂಗೋಲಿ, ಕಲಾಭವನದಲ್ಲಿ ಪಾಠವಾಯಿತು. ನಂದಲಾಲರ ಮಗಳು ಗೌರಿಯವರು ಅದರಲ್ಲಿ ಹೆಸರಾದರು. ನೇಯ್ಗೆ, ಬಾಟಿಕ್, ಚರ್ಮದ ಕೆಲಸ, ಗೋಡೆಚಿತ್ರ ಯಾವುದನ್ನೂ ಕೀಳೆಂದು ಬಿಡಲಿಲ್ಲ. ರವೀಂದ್ರರ ಮಕ್ಕಳ ಪುಸ್ತಕ ಸಹಜಪಾಠಕ್ಕೆ ಚಿತ್ರ ಕೊಟ್ಟವರೂ ಅವರೇ. ಬಂಗಾಳದ ಎಷ್ಟೋ ಮಕ್ಕಳು ಅಕ್ಷರ ಕಲಿಯುವಾಗ ನೋಡಿದ್ದು ನಂದಲಾಲರ ಕಪ್ಪು ಬಿಳುಪಿನ ಚಿತ್ರಗಳನ್ನು.

ಮೇಷ್ಟ್ರ ಬೆಲೆ ತಿಳಿಯುವುದು ಶಿಷ್ಯರಿಂದ. ಬಾಂಕುರಾದ ಬಡ ಕ್ಷೌರಿಕರ ಮನೆಯಿಂದ ಬಂದ ರಾಮಕಿಂಕರ ಬೈಜ್ ಸಿಮೆಂಟು ಮತ್ತು ಜಲ್ಲಿಯಲ್ಲಿ ಸಂತಾಲ ಕುಟುಂಬದ ದೊಡ್ಡ ಶಿಲ್ಪ ಮಾಡಿದರು. ಚಿಕ್ಕಂದಿನಿಂದ ದೃಷ್ಟಿ ಮಂದವಾಗಿದ್ದ ವಿನೋದ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹಿಂದಿ ಭವನದ ಗೋಡೆಯ ಮೇಲೆ ಮಧ್ಯಯುಗದ ಸಂತರ ಮಹಾಚಿತ್ರ ಬರೆದರು. ಮುಂದೆ ಕಣ್ಣು ಪೂರ್ತಿ ಹೋದಮೇಲೂ ಕೆಲಸ ಬಿಡಲಿಲ್ಲ. ಇವರಿಬ್ಬರ ಕೆಲಸ ಒಂದರಂತೆ ಒಂದಿಲ್ಲ, ಗುರುವಿನಂತೆಯೂ ಇಲ್ಲ. ನಂದಲಾಲರಿಗೆ ತೈಲವರ್ಣ ಅಷ್ಟಾಗಿ ಒಗ್ಗದು, ರಾಮಕಿಂಕರರು ಅದರಲ್ಲೇ ಬರೆದರು. ಉಮೆಯ ಚಿತ್ರದ ಆ ಬೆಳಗಿನ ಪಾಠವನ್ನು ನಂದಲಾಲರು ಮರೆತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಹಾಗೆಂದು ಪಾಠ ಹೇಳುತ್ತ ಅವರು ತಮ್ಮ ಕುಂಚವನ್ನು ಮೂಲೆಗಿಡಲಿಲ್ಲ. 1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹಕ್ಕೆ ನಡೆದಾಗ, ಕೋಲು ಹಿಡಿದು ಹೆಜ್ಜೆಯಿಡುವ ಬಾಪೂವಿನ ಲಿನೋಕಟ್ ಮಾಡಿದರು. ಕಪ್ಪು ನೆಲ, ಬಿಳಿ ಗೆರೆ, ಅಷ್ಟೇ. ಇಂದಿಗೂ ಗಾಂಧಿ ಎಂದರೆ ಆ ಚಿತ್ರವೇ ಅನೇಕರ ಕಣ್ಣಮುಂದೆ ಬರುತ್ತದೆ. ಗಾಂಧೀಜಿ ಕರೆದಾಗ 1936ರಲ್ಲಿ ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಬಿದಿರು, ಹುಲ್ಲಿನಂಥ ಹಳ್ಳಿಯ ಸಾಮಗ್ರಿಗಳಿಂದಲೇ ಆವರಣವನ್ನು ಸಿಂಗರಿಸಿದರು. 1938ರಲ್ಲಿ ಗುಜರಾತಿನ ಹರಿಪುರ ಅಧಿವೇಶನಕ್ಕೆ ಕೈಕಾಗದದ ಮೇಲೆ ಸುಮಾರು 400 ಚಿತ್ರಫಲಕಗಳು ಸಿದ್ಧವಾದವು. ಎಂಬತ್ತಕ್ಕೂ ಹೆಚ್ಚು ಅವರದೇ ಕೈಯವು. ಡೋಲು ಬಾರಿಸುವವ, ಚಮ್ಮಾರ, ಬಡಗಿ, ದರ್ಜಿ, ಬೇಟೆಗಾರ, ಪೈಲ್ವಾನ, ಮಗುವಿನೊಂದಿಗೆ ತಾಯಿ. ಹಳ್ಳಿಯವರು ಬಂದು ಫಲಕಗಳಲ್ಲಿ ತಮ್ಮನ್ನೇ ಕಾಣುವಂತಿತ್ತು.

ಸ್ವಾತಂತ್ರ್ಯ ಬಂದಮೇಲೆ ಸಂವಿಧಾನದ ಕೈಬರಹದ ಮೂಲಪ್ರತಿಗೆ ಚಿತ್ರಾಲಂಕಾರ ಮಾಡುವ ಹೊಣೆ ಅವರಿಗೆ ಬಂತು. ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಮೊಹೆಂಜೊದಾರೊದ ಗೂಳಿಯಿಂದ ಹಿಡಿದು ಬುದ್ಧ, ಅಶೋಕ, ಅಕ್ಬರ್, ಶಿವಾಜಿ, ನಮ್ಮ ಟಿಪ್ಪು ಸುಲ್ತಾನ್, ಝಾನ್ಸಿಯ ರಾಣಿ, ಗಾಂಧೀಜಿಯ ದಂಡಿಯಾತ್ರೆ, ಕೊನೆಗೆ ಹಿಮಾಲಯ, ಮರುಭೂಮಿ, ಸಮುದ್ರದವರೆಗೆ ಚಿತ್ರಗಳು ಅದರಲ್ಲಿವೆ. ನಂದಲಾಲರು ಇದನ್ನು ಒಬ್ಬರೇ ಮಾಡಲಿಲ್ಲ, ಶಿಷ್ಯರನ್ನು ಜೊತೆಗೆ ಕೂರಿಸಿಕೊಂಡು ಮಾಡಿದರು. ಪ್ರಸ್ತಾವನೆಯ ಪುಟದ ಸುತ್ತಲಿನ ಅಂಚು ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ ಅವರದು. ನಮ್ಮ ಶಾಲೆಯ ಕಚೇರಿಯಲ್ಲಿ ತೂಗುಹಾಕಿರುವ ಪ್ರಸ್ತಾವನೆಯ ಪಟದಲ್ಲಿ ಕಾಣುವ ಅಂಚು ಅದೇ. ಮುಂದಿನ ಸಲ ಬಂದಾಗ ಒಂದು ನಿಮಿಷ ನಿಂತು ನೋಡಿ. ದೇಶದ ಅತಿ ದೊಡ್ಡ ಪುಸ್ತಕದ ಮುಖ್ಯ ಪುಟವನ್ನು ಮೇಷ್ಟ್ರು ಶಿಷ್ಯನಿಗೆ ಬಿಟ್ಟುಕೊಟ್ಟಿದ್ದರು.

1954ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ನಿವೃತ್ತಿಯ ನಂತರವೂ ಕೈ ನಿಲ್ಲಲಿಲ್ಲ. ಅಂಗೈಯಗಲದ ಕಾರ್ಡುಗಳ ಮೇಲೆ ಕಂಡದ್ದನ್ನು ಬರೆದು ಶಿಷ್ಯರಿಗೂ ಸ್ನೇಹಿತರಿಗೂ ಅಂಚೆಯಲ್ಲಿ ಕಳಿಸುವುದು ಅವರ ಬಹುಕಾಲದ ಅಭ್ಯಾಸ. ಕೊನೆಯ ವರ್ಷಗಳಲ್ಲಿ ಹೆಚ್ಚಾಗಿ ಬರಿಯ ಕಪ್ಪು ಮಸಿಯಲ್ಲೇ ಬರೆದರು. 1966ರ ಏಪ್ರಿಲ್ 16ರಂದು ತೀರಿಕೊಂಡರು. ಅವರ ಸುಮಾರು 7,000 ಕೃತಿಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಅವರ ಹುಟ್ಟುಹಬ್ಬದ ಆಸುಪಾಸಿನಲ್ಲಿ ಕಲಾಭವನದಲ್ಲಿ ಈಗಲೂ ನಂದನ ಮೇಳ ನಡೆಯುತ್ತದೆ. ಮಕ್ಕಳೂ ಮೇಷ್ಟ್ರುಗಳೂ ತಾವು ಮಾಡಿದ್ದನ್ನು ಮಾರಿ, ಬಂದ ಹಣವನ್ನು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನಿಧಿಗೆ ಸೇರಿಸುತ್ತಾರೆ.

ಕೆರೆಯ ಚಿತ್ರ ಬರೆದ ಆ ಹುಡುಗಿ ಈಗ ಇದೇ ಊರಿನ ಗೃಹಿಣಿ. ಎರಡು ವರ್ಷದ ಹಿಂದೆ ತನ್ನ ಮಗನನ್ನು ಕೈಹಿಡಿದು ಭಾನುವಾರದ ತರಗತಿಗೆ ಕರೆತಂದಳು. ಅಂದು ನಾನು ಅವಳ ಕ್ಷಮೆ ಕೇಳಿದೆ. ಅವಳು ನಕ್ಕಳು. ಆ ಚಿತ್ರ ಎಲ್ಲಿ ಹೋಯಿತೋ ತಿಳಿಯದು, ಆದರೆ ಬತ್ತಿದ ಕೆರೆಗೆ ಮೇಷ್ಟ್ರು ನೀರು ಬಿಟ್ಟರೆಂದು ಮನೆಯಲ್ಲಿ ಅಪ್ಪ ತಮಾಷೆ ಮಾಡುತ್ತಿದ್ದರೆಂದು ಹೇಳಿದಳು. ಹುಡುಗ ಬಂದು ಕೂತು ಎಮ್ಮೆ ಬರೆದ. ಕಾಲು ಮೂರೇ ಇದ್ದವು. ನಾಲ್ಕನೆಯದು ಎಲ್ಲಿ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಅವನನ್ನು ಎಬ್ಬಿಸಿಕೊಂಡು ಹೊರಗೆ ಹೋದೆ. ಪಂಚಾಯಿತಿ ಕಟ್ಟಡದ ಹಿಂದೆ ಎಮ್ಮೆ ಕಟ್ಟಿತ್ತು. ಅವನು ಕೂತಿದ್ದ ಕಿಟಕಿಯಿಂದ ನೋಡಿದರೆ ಮೂರೇ ಕಾಲು ಕಾಣುತ್ತಿದ್ದವು.

ಶಾಲೆಗೆ ಐವತ್ತು ತುಂಬಿತು. ಈಗ ಚಿತ್ರ ಕಲಿಸುತ್ತಿರುವ, ಮುಂದೆ ಕಲಿಸಲಿರುವ ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ಮಗುವಿನ ಕಾಗದದ ಮೇಲೆ ಕೈಯಿಡುವ ಮುಂಚೆ ಅದು ಕೂತ ಜಾಗದಲ್ಲಿ ಒಮ್ಮೆ ಕೂತು ನೋಡಿ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಚಿತ್ರಗಳ ಮೇಲೂ ನಾನು ಬಣ್ಣ ಬಳಿದಿದ್ದರೆ ಭಾನುವಾರ ಬೆಳಿಗ್ಗೆ ಬನ್ನಿ. ಕಾಗದ ನಾನು ಕೊಡುತ್ತೇನೆ.