ರೂಡೋಲ್ಫ್ ಡೀಸೆಲ್ ಮಹಾಶಯನು

ಡೀಸೆಲ್ ಎಂಬ ಶಬ್ದವನ್ನು ಅರಿಯದ ಮನೆಯು ಇಂದು ಇಲ್ಲವೆನ್ನಬಹುದು. ಆದರೆ ಅದು ಎಣ್ಣೆಯ ಹೆಸರಾಗುವುದಕ್ಕೆ ಮುಂಚೆ ಒಂದು ಮನೆತನದ ಹೆಸರಾಗಿತ್ತೆಂಬುದನ್ನೂ, ಆ ಹೆಸರನ್ನು ಹೊತ್ತಿದ್ದಾತನು ತನ್ನ ಯಂತ್ರದಿಂದ ಶೀಘ್ರಗಾಮಿ ರೈಲುಗಳನ್ನು ಎಳೆಯಿಸಬೇಕೆಂದು ಯತ್ನಿಸಿ, ಅದು ಕೈಗೂಡುವ ಮೊದಲೇ ಕಣ್ಮರೆಯಾದನೆಂಬುದನ್ನೂ ಬಲ್ಲವರು ವಿರಳ.

ಈತನು 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ಪಟ್ಟಣದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯಾ ಸೀಮೆಯವರು. ತಂದೆಯು ಪುಸ್ತಕಗಳಿಗೆ ರಟ್ಟು ಕಟ್ಟುವ, ತೊಗಲಿನ ಸಾಮಾನು ಮಾಡುವ ಕಸುಬಿನವನು. 1870ರಲ್ಲಿ ಫ್ರೆಂಚರಿಗೂ ಜರ್ಮನರಿಗೂ ಯುದ್ಧವುಂಟಾಗಲು ಈ ಕುಟುಂಬವು ಪ್ಯಾರಿಸನ್ನು ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಅಲ್ಲಿ ಬಡತನಕ್ಕೆ ಸಿಕ್ಕಿದ ಹೆತ್ತವರು ಹನ್ನೆರಡು ವರುಷದ ಬಾಲಕನನ್ನು ಒಬ್ಬನನ್ನೇ ಆಗ್ಸ್‌ಬರ್ಗ್ ಪಟ್ಟಣದ ಬಂಧುಗಳ ಬಳಿಗೆ ಕಳುಹಿಸಿದರು. ಗಣಿತದ ಉಪಾಧ್ಯಾಯರಾಗಿದ್ದ ಬಾರ್ನಿಕೆಲ್ ಎಂಬವರು ಅವನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದರು. ತಾಯಿಯನ್ನು ಅಗಲಿ ಬೋರ್ಡಿಂಗಿನಲ್ಲಿ ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಭಾಗವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಮುಂದೆ ಮ್ಯೂನಿಕ್ಕಿನಲ್ಲಿ ಕಲಿಯುತ್ತಿದ್ದಾಗ, ಲಿಂಡೆ ಎಂಬ ಪ್ರಖ್ಯಾತ ಅಧ್ಯಾಪಕರು ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆಂದೂ ಉಳಿದುದು ವ್ಯರ್ಥವೆಂದೂ ಬೋಧಿಸಿದರು. ಆ ಮಾತು ಯುವಕನ ಮನಸ್ಸಿನಲ್ಲಿ ನಾಟಿತು. 1880ರಲ್ಲಿ ಅತ್ಯುನ್ನತ ಗುಣಗಳಿಂದ ತೇರ್ಗಡೆಯಾಗಿ, ಲಿಂಡೆಯವರ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ದುಡಿಯುತ್ತ, 1883ರಲ್ಲಿ ಮಾರ್ತಾ ಫ್ಲಾಷೆ ಎಂಬಾಕೆಯನ್ನು ವಿವಾಹವಾಗಿ ಮೂವರು ಮಕ್ಕಳ ತಂದೆಯಾದರೂ ಆ ಒಂದೇ ಚಿಂತೆಯು ಆತನನ್ನು ಬಿಡಲಿಲ್ಲ.

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿಯನ್ನು ಬಹಳವಾಗಿ ಒತ್ತಿದರೆ ಅದು ಎಷ್ಟು ಕಾಯುವುದೆಂದರೆ, ಅದರೊಳಗೆ ಸಿಂಪಡಿಸಿದ ಎಣ್ಣೆಯು ಕಿಡಿಯ ಹಂಗಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುವುದು. ಇದೇ ಡೀಸೆಲನ ಯಂತ್ರದ ಮರ್ಮ. 1893ರಲ್ಲಿ ಸನ್ನದು ದೊರೆಯಿತು. ಅದೇ ವರುಷ ಆಗಸ್ಟಿನಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಪ್ರಯೋಗ ನಡೆದಾಗ ಯಂತ್ರಕ್ಕೆ ಜೋಡಿಸಿದ್ದ ಅಳತೆಯ ಉಪಕರಣವು ಸಿಡಿದು ಚೂರಾಯಿತು. ಆದರೂ ಎಣ್ಣೆಯು ಹೊತ್ತಿಕೊಂಡಿತಲ್ಲಾ ಎಂಬುದೇ ಆತನಿಗೆ ಸಮಾಧಾನ. ಮುಂದಣ ನಾಲ್ಕು ವರುಷಗಳ ದುಡಿಮೆಯ ಬಳಿಕ, 1897ರ ಫೆಬ್ರುವರಿಯಲ್ಲಿ ಪ್ರೊಫೆಸರ್ ಶ್ರೋಟರರು ಪರೀಕ್ಷಿಸಿದಾಗ, ಶಾಖದಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ದೊರೆತಿತು.

ಅಲ್ಲಿಂದ ಐಶ್ವರ್ಯವೂ ಬಂತು, ಅದರ ಸಂಗಡ ವ್ಯಾಜ್ಯಗಳೂ ಬಳಲಿಕೆಯೂ ಬಂದವು. 1898ರಲ್ಲಿ ಆತನ ನರಗಳು ಸೋತು ಚಿಕಿತ್ಸಾಲಯವನ್ನು ಸೇರಬೇಕಾಯಿತು. ಹಣದ ವಿಷಯದಲ್ಲಿ ಈತನು ಜಾಣನಾಗಿರಲಿಲ್ಲವೆಂದೇ ಹೇಳಬೇಕು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆಯನ್ನು ಕಟ್ಟಿಸಿ, ಗಳಿಸಿದುದನ್ನು ಒದಗದ ವ್ಯವಹಾರಗಳಲ್ಲಿ ಕಳೆದನು.

ಹಡಗುಗಳು ಆತನ ಯಂತ್ರವನ್ನು ಅಂಗೀಕರಿಸಿದವು. ರೈಲುಮಾರ್ಗವು ಮಾತ್ರ ಒಪ್ಪಲಿಲ್ಲ. ಪ್ರಷ್ಯದ ಸರಕಾರಿ ರೈಲಿಗಾಗಿ ಕ್ಲೋಸೆ ಎಂಬ ಎಂಜಿನಿಯರನೊಡನೆಯೂ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯವರೊಡನೆಯೂ ಕೂಡಿಕೊಂಡು, ಸುಮಾರು ಸಾವಿರ ಅಶ್ವಶಕ್ತಿಯ, 95 ಟನ್ ತೂಕದ ಶೀಘ್ರಗಾಮಿ ಎಂಜಿನನ್ನು 1912ರಲ್ಲಿ ವಿಂಟರ್‌ಥೂರಿನಿಂದ ರೋಮಾನ್ಸ್‌ಹಾರ್ನಿನ ದಾರಿಯಲ್ಲಿ ಓಡಿಸಿ ನೋಡಿದನು. ತೊಂದರೆಯೇನೆಂದರೆ, ಉಗಿಯು ನಿಂತಿರುವ ಗಾಲಿಯನ್ನೂ ತಳ್ಳಬಲ್ಲದು. ಡೀಸೆಲನ ಯಂತ್ರವು ತಾನು ತಿರುಗುತ್ತಿದ್ದರೆ ಮಾತ್ರ ಬಲವುಳ್ಳದ್ದು. ಯಂತ್ರವನ್ನು ಗಾಲಿಗಳಿಗೆ ನೇರವಾಗಿ ಕಟ್ಟಿದ್ದರಿಂದ, ಒತ್ತಿಟ್ಟ ಗಾಳಿಯಿಂದ ಬಂಡಿಯನ್ನು ಹೊರಡಿಸಿ, ಸ್ವಲ್ಪ ವೇಗ ಬಂದ ಮೇಲೆ ಎಣ್ಣೆಯನ್ನು ಬಿಡಬೇಕಾಗಿತ್ತು. ಆ ಘರ್ಷಣೆಗಳನ್ನು ಲೋಹವು ತಾಳಲಿಲ್ಲ. ನಿತ್ಯಸೇವೆಗೆ ಬಾರದೆಯೇ 1914ರಲ್ಲಿ ಅದನ್ನು ಬಿಚ್ಚಿಹಾಕಿದರು.

ಅದನ್ನು ನೋಡಲು ಡೀಸೆಲನು ಇರಲಿಲ್ಲ. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟವನು, ಸಂಗಡಿಗರೊಡನೆ ಊಟಮಾಡಿ, ಮುಂಜಾನೆ ಎಬ್ಬಿಸುವಂತೆ ಹೇಳಿ ಕೋಣೆಗೆ ಹೋದನು. ಬೆಳಗ್ಗೆ ಹಾಸಿಗೆಯು ಮಲಗಿದ ಗುರುತಿಲ್ಲದೆ ಇತ್ತು. ಹತ್ತು ದಿನಗಳ ಮೇಲೆ ಡಚ್ಚರ ನಾವೆಯೊಂದು ಸಮುದ್ರದಲ್ಲಿ ಶವವನ್ನು ಕಂಡು, ಜೇಬಿನಲ್ಲಿದ್ದ ಸಾಮಾನುಗಳನ್ನು ಮಾತ್ರ ತೆಗೆದುಕೊಂಡಿತು. ಅವು ತಂದೆಯವೆಂದು ಮಗ ಆಯ್ಗೆನನು ಗುರುತಿಸಿದನು. ಮಡದಿಯ ಕೈಯಲ್ಲಿ ಕೊಟ್ಟುಹೋಗಿದ್ದ ಚೀಲದಲ್ಲಿ 20,000 ಮಾರ್ಕುಗಳೂ ಸಾಲದ ಲೆಕ್ಕಪತ್ರಗಳೂ ಇದ್ದವು. ಆಕೆಯು ಆ ಕಾಗದಗಳನ್ನು ಓದಿದಾಗಿನ ಸ್ಥಿತಿಯನ್ನು ತಾಯಂದಿರೇ ಊಹಿಸಿಕೊಳ್ಳಬೇಕು.

ವಿಚಿತ್ರವೇನೆಂದರೆ, ಆತನಿಗೆ ಬೇಕಾಗಿದ್ದ ವಸ್ತುವು ಆಗಲೇ ಹುಟ್ಟಿತ್ತು. ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರನು 1905ರಲ್ಲಿಯೇ ಹಡಗುಗಳಿಗೆಂದು ಅದರ ಸನ್ನದನ್ನು ಪಡೆದಿದ್ದನು. ಎಣ್ಣೆ ತುಂಬಿದ ಒಂದೇ ಗೂಡಿನಲ್ಲಿ ಅಲಗುಗಳುಳ್ಳ ಎರಡು ಚಕ್ರಗಳು ಎದುರುಬದುರಾಗಿರುವವು. ಯಂತ್ರವು ತಿರುಗಿಸುವ ಮೊದಲನೆಯದು ಎಣ್ಣೆಯನ್ನು ಚಿಮ್ಮಿಸಲು, ಆ ರಭಸವು ಎರಡನೆಯದನ್ನು ತಳ್ಳುವುದು. ನಡುವಿನ ಸ್ಥಿರವಾದ ಅಲಗುಗಳು ಎಣ್ಣೆಯನ್ನು ತಿರುಗಿಸಿ ಆ ಬಲವನ್ನು ಹೆಚ್ಚಿಸುವವು. ಬಂಡಿಯು ನಿಂತಿದ್ದರೂ ಯಂತ್ರವು ನಿಲ್ಲಬೇಕಾಗಿಲ್ಲ. ಕಬ್ಬಿಣಕ್ಕೆ ಕಬ್ಬಿಣವು ತಾಕದೆ, ಗಾಲಿಗಳು ಮೆಲ್ಲನೆ ವೇಗವನ್ನು ಪಡೆಯುವವು.

ಈ ಎಣ್ಣೆಯ ಜೋಡಣೆಯೊಡನೆ 1935ರಲ್ಲಿ 1400 ಅಶ್ವಶಕ್ತಿಯ ಎಂಜಿನೊಂದು ಜರ್ಮನ್ ಹಳಿಗಳ ಮೇಲೆ ಓಡಿತು. ಯುದ್ಧವು ಮುಗಿದ ಮೇಲೆ, 1953ರಲ್ಲಿ, ಡೀಸೆಲನು ಓದಿದ ಮ್ಯೂನಿಕ್ಕಿನಲ್ಲಿಯೇ ಕ್ರೌಸ್-ಮಫೈ ಕಾರ್ಖಾನೆಯು ವಿ 200 ಎಂಬ ಹೆಸರಿನ ಶೀಘ್ರಗಾಮಿ ಎಂಜಿನನ್ನು ಹೊರತಂದಿತು. ಒಂದೊಂದರಲ್ಲಿಯೂ ಎರಡು ಡೀಸೆಲ್ ಯಂತ್ರಗಳು, ಒಟ್ಟು ಸುಮಾರು ಎರಡು ಸಾವಿರ ಅಶ್ವಶಕ್ತಿ, ಗಂಟೆಗೆ 140 ಕಿಲೋಮೀಟರ್ ವೇಗ. ಕೆಂಪು ಬಣ್ಣದ ಇಂಥ 86 ಎಂಜಿನುಗಳು ಪಶ್ಚಿಮ ಜರ್ಮನಿಯ ಹೆಸರಾಂತ ರೈಲುಗಳನ್ನು ಎಳೆದು, 1984ರಲ್ಲಿ ಸರಕಾರಿ ರೈಲಿನ ಸೇವೆಯಿಂದ ನಿವೃತ್ತಿ ಹೊಂದಿದವು.